ಫ್ರೆಂಚ್ ಕ್ರಿಯಾಪದಗಳ ಉಚ್ಚಾರಣೆಯೂ ನಮ್ಮ ಮನೆಮಾತೂ

(ಸಂಘದ ವಾರ್ಷಿಕ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣ ತಾಲ್ಲೂಕುಗಳ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಅಸ್ಸಲಾಮು ಅಲೈಕುಮ್.

ಪ್ರತಿಭಾ ಪುರಸ್ಕಾರದ ದಿನ ಭಾಷಣ ಮಾಡುವವರು "ಚೆನ್ನಾಗಿ ಓದಿ, ದೊಡ್ಡವರಾಗಿ, ಸಮಾಜಕ್ಕೆ ಹೆಸರು ತನ್ನಿ" ಎಂದು ಹೇಳಿ ಕೂರುವುದು ವಾಡಿಕೆ. ಅದನ್ನು ನನಗಿಂತ ಚೆನ್ನಾಗಿ ಹೇಳುವ ಹಿರಿಯರು ಇಲ್ಲಿದ್ದಾರೆ. ನಾನು ಒಂದು ಸಣ್ಣ ವಿಷಯವನ್ನಷ್ಟೇ ಎತ್ತಿಕೊಳ್ಳುತ್ತೇನೆ. ಫ್ರೆಂಚ್ ಭಾಷೆಯ ಕ್ರಿಯಾಪದವನ್ನು ತುಂಡು ತುಂಡಾಗಿ ಬಿಡಿಸಿ ಹೇಗೆ ಉಚ್ಚರಿಸಬೇಕು ಎಂಬುದೇ ಆ ವಿಷಯ. "ಆಲೂಗಡ್ಡೆ ಬೆಳೆಯುವ ಹಾಸನದಲ್ಲಿ ಫ್ರೆಂಚ್ ಯಾರಿಗೆ ಬೇಕು ಸ್ವಾಮಿ?" ಎಂದು ನೀವು ಕೇಳಬಹುದು. ಆ ಪ್ರಶ್ನೆಗೂ ಉತ್ತರ ಕೊಡುತ್ತೇನೆ. ಅದಕ್ಕೆ ಮೊದಲು ನನ್ನದೇ ಒಂದು ಕಥೆ ಹೇಳಬೇಕು.

ಒಂದು ಸ್ವರದಿಂದ ಕಳೆದುಹೋದ ಕೆಲಸ

ನಾನು ಅರಕಲಗೂಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು. ಮನೆಯಲ್ಲಿ ದಖನಿ ಮಾತು, ಬೀದಿಯಲ್ಲಿ ಕನ್ನಡ, ಮದರಸಾದಲ್ಲಿ ಅರಬ್ಬಿ ಓದು. ಪದವಿ ಮುಗಿಸಿ ಬೆಂಗಳೂರಿಗೆ ಹೋದಾಗ ಫ್ರೆಂಚ್ ಬಂದವರಿಗೆ ಕೆಲಸ ಬೇಗ ಸಿಗುತ್ತದೆ ಎಂದು ಗೆಳೆಯರು ಹೇಳಿದರು. ಹಗಲು ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾ, ಸಂಜೆ ತರಗತಿಗೆ ಹೋಗುತ್ತಾ ಒಂದೂವರೆ ವರ್ಷ ಕಲಿತೆ. ವ್ಯಾಕರಣ ಬಾಯಿಪಾಠವಾಯಿತು. ಬರವಣಿಗೆಯಲ್ಲಿ ತಪ್ಪು ಸಿಗುತ್ತಿರಲಿಲ್ಲ. ಆ ಧೈರ್ಯದಲ್ಲಿ ಒಂದು ಕಚೇರಿಯ ಸಂದರ್ಶನಕ್ಕೆ ಹೋದೆ.

ಸಂದರ್ಶನ ಮಾಡಿದವರು ಫ್ರೆಂಚಿನಲ್ಲಿ, "ನೀವು ಕೆಲಸ ಮಾಡುತ್ತಿದ್ದೀರಾ?" ಎಂದು ಕೇಳಿದರು. "ನಾನು ಕೆಲಸ ಮಾಡುತ್ತೇನೆ" ಎನ್ನಬೇಕಿತ್ತು. ಅದಕ್ಕೆ ಫ್ರೆಂಚಿನಲ್ಲಿ "ಝ ತ್ರಾವಾಯ್" ಎನ್ನುತ್ತಾರೆ. (ಇಲ್ಲಿ ಝ ಎಂದು ಬರೆದಿರುವುದನ್ನು ಇಂಗ್ಲಿಷಿನ 'ಪ್ಲೆಷರ್' ಪದದ ನಡುವಿನ ದನಿಯಂತೆ ಓದಿಕೊಳ್ಳಿ.) ಪುಸ್ತಕದಲ್ಲಿ ಆ ಪದದ ಕೊನೆಗೆ ಇಂಗ್ಲಿಷಿನ 'ಇ' ಅಕ್ಷರವಿದೆ. ಕಣ್ಣಿಗೆ ಕಂಡದ್ದನ್ನು ಬಾಯಿ ಬಿಡಲಿಲ್ಲ. ನಾನು "ಝೆ ತ್ರಾವಾಯೆ" ಎಂದುಬಿಟ್ಟೆ. ಫ್ರೆಂಚ್ ಕಿವಿಗೆ ಅದು "ನಾನು ಕೆಲಸ ಮಾಡಿದ್ದೇನೆ" ಎಂದು ಕೇಳಿಸುತ್ತದೆ, ಅಂದರೆ ಮುಗಿದುಹೋದ ಕೆಲಸ. "ಈಗ?" ಎಂದು ಅವರು ಮತ್ತೆ ಕೇಳಿದರು. ನಾನು ಇನ್ನೂ ಸ್ಪಷ್ಟವಾಗಿ, ಒತ್ತಿ, ಅದನ್ನೇ ಹೇಳಿದೆ. ಮೂರನೇ ಸಲ ಅವರು ಕೇಳಲಿಲ್ಲ. ವರ್ತಮಾನಕಾಲಕ್ಕೂ ಭೂತಕಾಲಕ್ಕೂ ವ್ಯತ್ಯಾಸ ತಿಳಿಯದವನು ಎಂದುಕೊಂಡರು. ಕೆಲಸ ಬೇರೆಯವರಿಗೆ ಹೋಯಿತು. ಅವರದೇನೂ ತಪ್ಪಿಲ್ಲ. ನಾನು ಹೇಳಿದ್ದನ್ನೇ ಅವರು ಕೇಳಿಸಿಕೊಂಡರು.

ಬಸ್ಸಿನಲ್ಲಿ ಊರಿಗೆ ಬರುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು: ಕಾಗದದ ಮೇಲೆ ನನಗೆ ಎಲ್ಲ ಗೊತ್ತಿತ್ತು, ಎಲ್ಲಿ ತಪ್ಪಿದೆ? ಆ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಇವತ್ತು ನಿಮಗೆ ಒಪ್ಪಿಸುತ್ತಿದ್ದೇನೆ.

ಹಾಸನಕ್ಕೂ ಫ್ರೆಂಚಿಗೂ ಏನು ಸಂಬಂಧ?

ನಮ್ಮ ಜಿಲ್ಲೆಗೆ ಫ್ರೆಂಚ್ ಹೊಸಬನಲ್ಲ. ಸಕಲೇಶಪುರದ ಮಂಜರಾಬಾದ್ ಕೋಟೆಯನ್ನು ನಿಮ್ಮಲ್ಲಿ ಹಲವರು ಶಾಲಾ ಪ್ರವಾಸದಲ್ಲಿ ನೋಡಿದ್ದೀರಿ. ಎಂಟು ಮೂಲೆಯ ನಕ್ಷತ್ರದ ಆಕಾರದಲ್ಲಿ ಟಿಪ್ಪು ಸುಲ್ತಾನರು ಕಟ್ಟಿಸಿದ ಆ ಕೋಟೆಯ ಶೈಲಿ, ಫ್ರಾನ್ಸಿನ ಇಂಜಿನಿಯರ್ ವೋಬಾಂ ಯುರೋಪಿನಲ್ಲಿ ಬೆಳೆಸಿದ ಶೈಲಿ. 1788ರಲ್ಲಿ ಟಿಪ್ಪುವಿನ ಮೂವರು ರಾಯಭಾರಿಗಳು ಪ್ಯಾರಿಸಿಗೆ ಹೋಗಿ ದೊರೆ ಹದಿನಾರನೇ ಲೂಯಿಯನ್ನು ಕಂಡಿದ್ದರು. ಇನ್ನು ಹೇಮಾವತಿ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಹಳೆಯ ಚರ್ಚ್ ಯಾರಿಗೆ ಗೊತ್ತಿಲ್ಲ? 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು ಅದು. ಗೊರೂರಿನ ಅಣೆಕಟ್ಟೆ ಬಂದ ಮೇಲೆ ಮಳೆಗಾಲದಲ್ಲಿ ನೀರಿನಲ್ಲಿ ಮುಳುಗಿ, ಬೇಸಿಗೆಯಲ್ಲಿ ಮತ್ತೆ ಎದ್ದು ಕಾಣುತ್ತದೆ. ಈ ಚರ್ಚನ್ನು ನೆನಪಿಟ್ಟುಕೊಳ್ಳಿ, ಸ್ವಲ್ಪ ಹೊತ್ತಿನಲ್ಲಿ ಇದರಿಂದ ನನಗೆ ಒಂದು ಕೆಲಸವಿದೆ.

ಇವತ್ತಿನ ಮಾತಿಗೆ ಬಂದರೆ, ನಮ್ಮ ರಾಜ್ಯದ ಪಿಯುಸಿಯಲ್ಲಿ ಭಾಷೆಯಾಗಿ ಆರಿಸಿಕೊಳ್ಳಬಹುದಾದವುಗಳ ಪಟ್ಟಿಯಲ್ಲಿ ಕನ್ನಡ, ಉರ್ದು, ಅರಬ್ಬಿ, ಸಂಸ್ಕೃತಗಳ ಜೊತೆ ಫ್ರೆಂಚ್ ಕೂಡ ಇದೆ. ಬೆಂಗಳೂರಿನ ಅಲಿಯಾನ್ಸ್ ಫ್ರಾಂಸೇಜ಼್‌ನಲ್ಲಿ ಅದನ್ನು ಹಂತ ಹಂತವಾಗಿ ಕಲಿಸುತ್ತಾರೆ. ಫ್ರೆಂಚ್ ಮಾತಾಡುವ ದೇಶಗಳ ಸಂಸ್ಥೆಯ 2022ರ ಲೆಕ್ಕದ ಪ್ರಕಾರ ಜಗತ್ತಿನಲ್ಲಿ ಸುಮಾರು 32 ಕೋಟಿ ಜನ ಫ್ರೆಂಚ್ ಬಲ್ಲವರು. ಇವರಲ್ಲಿ ಮೊರೊಕ್ಕೊ, ಅಲ್ಜೀರಿಯಾ, ಟುನೀಶಿಯಾ, ಸೆನೆಗಲ್ ದೇಶಗಳ ಮುಸ್ಲಿಮರು ಬಹಳ ಮಂದಿ. ಕೆನಡಾದ ಎರಡು ಅಧಿಕೃತ ಭಾಷೆಗಳಲ್ಲಿ ಇದೂ ಒಂದು. ಅಲ್ಲಿಗೆ ಹೋಗಬಯಸುವ ನರ್ಸುಗಳು, ಇಂಜಿನಿಯರುಗಳು ಫ್ರೆಂಚ್ ಪರೀಕ್ಷೆ ಪಾಸಾದರೆ ಹೆಚ್ಚಿನ ಅಂಕ ದೊರೆಯುತ್ತದೆ. ಎಲ್ಲರೂ ಫ್ರೆಂಚ್ ಕಲಿಯಿರಿ ಎಂದು ನಾನು ಹೇಳುತ್ತಿಲ್ಲ. ಕಲಿಯುವ ಮನಸ್ಸಿದ್ದರೆ "ನಮ್ಮ ನಾಲಿಗೆಗೆ ಅದು ಒಗ್ಗುವುದಿಲ್ಲ" ಎಂದು ಹಿಂದೆ ಸರಿಯಬೇಡಿ ಎನ್ನುತ್ತೇನೆ.

ತುಂಡು ಎಂದರೇನು?

ಒಂದು ಪದವನ್ನು ಹೇಳುವಾಗ ಬಾಯಿ ಎಷ್ಟು ಸಲ ತೆರೆಯುತ್ತದೋ ಅಷ್ಟು ತುಂಡುಗಳು. ಇಂಗ್ಲಿಷ್ ಮೇಷ್ಟ್ರು ಇದನ್ನು ಸಿಲಬಲ್ ಎನ್ನುತ್ತಾರೆ. ಪ್ರತಿ ತುಂಡಿನ ನಡುವೆ ಒಂದು ಸ್ವರ ಇರಲೇಬೇಕು. ಕೇಳಿಸುವ ಸ್ವರ ಎಷ್ಟೋ ತುಂಡು ಅಷ್ಟೇ. "ಹಾಸನ" ಎಂದರೆ ಹಾ-ಸ-ನ, ಮೂರು. "ಅರಕಲಗೂಡು" ಎಂದರೆ ಅ-ರ-ಕ-ಲ-ಗೂ-ಡು, ಆರು.

ಕನ್ನಡ ಓದಿದ ನಮಗೆ ಇದು ಸುಲಭ ಎನಿಸುತ್ತದೆ. ಆದರೆ ಒಂದು ಕಡೆ ಕನ್ನಡ ಲಿಪಿ ನಮ್ಮ ದಾರಿ ತಪ್ಪಿಸುತ್ತದೆ. "ಅಕ್ಕ" ಎಂಬುದನ್ನು ಅ-ಕ್ಕ ಎಂದು ಬರೆಯುತ್ತೇವೆ. ಹೇಳುವಾಗ ಅಕ್-ಕ ಎನ್ನುತ್ತೇವೆ. ಪ್ರೌಢಶಾಲೆಯಲ್ಲಿ ಪ್ರಸ್ತಾರ ಹಾಕುವಾಗ "ಒತ್ತಕ್ಷರದ ಹಿಂದಿನ ಅಕ್ಷರ ಗುರು" ಎಂದು ಬಾಯಿಪಾಠ ಮಾಡಿದ್ದೀರಲ್ಲವೆ? ಅದರ ಕಾರಣ ಇದೇ. ಒತ್ತಿನ ಮೊದಲ ವ್ಯಂಜನ ಹಿಂದಿನ ತುಂಡಿಗೆ ಸೇರಿಕೊಂಡು ಅದನ್ನು ಭಾರವಾಗಿಸುತ್ತದೆ. ನಮ್ಮ ಛಂದಸ್ಸಿನವರು ಕಣ್ಣನ್ನು ನಂಬದೆ ಕಿವಿಯನ್ನು ನಂಬಿದ್ದರು. ಫ್ರೆಂಚಿಗೂ ಅದೇ ಬುದ್ಧಿ ಸಾಕು.

ಫ್ರೆಂಚಿನ ಲೆಕ್ಕ ಹೀಗಿದೆ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ತುಂಡಿಗೆ ಹೋಗುತ್ತದೆ. "ಮುಗಿಸು" ಎಂಬರ್ಥದ ಪದ ಫಿ-ನೀರ್. ಎರಡು ವ್ಯಂಜನವಿದ್ದರೆ ಹಂಚಿಕೊಳ್ಳಬೇಕು. "ಹೊರಡು" ಎಂಬರ್ಥದ ಪದ ಪಾರ್-ತೀರ್. ಆದರೆ ಎರಡನೆಯದು ರ ಅಥವಾ ಲ ಆಗಿದ್ದು, ಅದರ ಹಿಂದೆ ಪ, ಬ, ತ, ದ, ಕ, ಗ, ವ ಇಂಥದ್ದೊಂದು ಇದ್ದರೆ ಅವೆರಡೂ ಸಾಮಾನ್ಯವಾಗಿ ಜೋಡಿ ಬಿಡುವುದಿಲ್ಲ. "ತೆರೆ" ಎಂಬುದು ಊ-ವ್ರೀರ್, "ಒಳಗೆ ಬಾ" ಎಂಬುದು ಆಂ-ತ್ರೆ. ನಿಯಮ ಇಷ್ಟೇ.

ಆರು ರೂಪ, ಮೂರು ದನಿ

ಈಗ ಒಂದು ಕ್ರಿಯಾಪದವನ್ನು ಪೂರ್ತಿ ನೋಡೋಣ. "ಮಾತಾಡು" ಎಂಬುದಕ್ಕೆ ಫ್ರೆಂಚ್ ಪದ ಪಾರ್ಲೆ. ನಗಬೇಡಿ, ಅಂಗಡಿಯಲ್ಲಿ ಸಿಗುವ ಪಾರ್ಲೆ ಬಿಸ್ಕತ್ತಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ನೆನಪಿಟ್ಟುಕೊಳ್ಳಲು ಅನುಕೂಲ.

ನಾನು ಮಾತಾಡುತ್ತೇನೆ: ಝ ಪಾರ್ಲ್. ಒಂದು ತುಂಡು.
ನೀನು ಮಾತಾಡುತ್ತೀಯೆ: ತ್ಯು ಪಾರ್ಲ್. ಒಂದು ತುಂಡು.
ಅವನು ಮಾತಾಡುತ್ತಾನೆ: ಇಲ್ ಪಾರ್ಲ್. ಒಂದು ತುಂಡು.
ನಾವು ಮಾತಾಡುತ್ತೇವೆ: ನೂ ಪಾರ್-ಲೋಂ. ಎರಡು ತುಂಡು.
ನೀವು ಮಾತಾಡುತ್ತೀರಿ: ವೂ ಪಾರ್-ಲೆ. ಎರಡು ತುಂಡು.
ಅವರು ಮಾತಾಡುತ್ತಾರೆ: ಇಲ್ ಪಾರ್ಲ್. ಮತ್ತೆ ಒಂದೇ ತುಂಡು.

(ತುಂಡಿನ ಲೆಕ್ಕ ಕ್ರಿಯಾಪದಕ್ಕೆ ಮಾತ್ರ. ಮುಂದಿನ ನಾನು, ನೀನು ಎಂಬ ಸರ್ವನಾಮವನ್ನು ಎಣಿಸಿಲ್ಲ.)

ಪುಸ್ತಕದಲ್ಲಿ ಈ ಆರಕ್ಕೆ ಐದು ಬಗೆಯ ಕಾಗುಣಿತ. ಕಿವಿಗೆ ಮೂರೇ ದನಿ. "ಅವರು" ರೂಪದ ಕೊನೆಯಲ್ಲಿ ಇ-ಎನ್-ಟಿ ಎಂಬ ಮೂರು ಅಕ್ಷರಗಳಿವೆ, ಒಂದೂ ಬಾಯಿಗೆ ಬರುವುದಿಲ್ಲ. ಹೊಸಬರು "ಪಾರ್ಲೆಂಟ್" ಎಂದು ಓದುತ್ತಾರೆ. ಫ್ರೆಂಚ್ ಮೇಷ್ಟ್ರುಗಳು ಇದಕ್ಕೆ ಒಂದು ಹಳೆಯ ಉದಾಹರಣೆ ಕೊಡುತ್ತಾರೆ. ನಾವು ಕಾನ್ವೆಂಟ್ ಎನ್ನುವ ಪದಕ್ಕೆ ಫ್ರೆಂಚಿನಲ್ಲಿ ಕೂ-ವಾಂ ಎನ್ನುತ್ತಾರೆ, ಎರಡು ತುಂಡು. ಕೋಳಿಗಳು ಕಾವು ಕೂರುತ್ತವೆ ಎನ್ನಲು "ಕೂವ್", ಒಂದೇ ತುಂಡು. ಎರಡರ ಕಾಗುಣಿತವೂ ಅಕ್ಷರಕ್ಕೆ ಅಕ್ಷರ ಒಂದೇ! ನಾಮಪದವಾದರೆ ಕೊನೆಯ ಮೂರಕ್ಷರ ಮೂಗಿನಲ್ಲಿ ನುಡಿಯುತ್ತದೆ, ಕ್ರಿಯಾಪದವಾದರೆ ಮೌನ. ಯಾವುದು ಕ್ರಿಯಾಪದ ಎಂದು ತಿಳಿಯದೆ ಬಾಯಿ ತೆರೆಯುವಂತಿಲ್ಲ. ಉಚ್ಚಾರಣೆಯೂ ವ್ಯಾಕರಣವೂ ಬೇರೆ ಬೇರೆ ಪಾಠವಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನೊಂದು ಮಾತು. ಕನ್ನಡದಲ್ಲಿ "ಮಾತಾಡುತ್ತೇನೆ" ಎಂದರೆ ಸಾಕು, "ನಾನು" ಬೇಕಿಲ್ಲ. ಕ್ರಿಯಾಪದದ ಬಾಲವೇ ಯಾರೆಂದು ಹೇಳುತ್ತದೆ. ಫ್ರೆಂಚಿನಲ್ಲಿ ಬಾಲ ಕಾಗದದಲ್ಲಿ ಮಾತ್ರ ಇದೆ, ಬಾಯಲ್ಲಿ ಉದುರಿಹೋಗಿದೆ. ಆದ್ದರಿಂದ ಅವರು ಮುಂದಿನ ಸರ್ವನಾಮವನ್ನು ಬಿಡುವಂತಿಲ್ಲ. ಕ್ರಿಯಾಪದವನ್ನು ಒಂಟಿಯಾಗಿ ಕಲಿಯಬೇಡಿ, ಸರ್ವನಾಮದ ಜೊತೆಗೇ ಕಲಿಯಿರಿ.

ನನ್ನ ಸಂದರ್ಶನದ ತಪ್ಪು ಈಗ ನಿಮಗೆ ಅರ್ಥವಾಗಿರಬೇಕು. ಕೊನೆಯ ಮೌನ ಸ್ವರಕ್ಕೆ ಜೀವ ಕೊಟ್ಟೆ. ತ್ರಾ-ವಾಯ್ ಎಂಬ ಎರಡು ತುಂಡು ತ್ರಾ-ವಾ-ಯೆ ಎಂಬ ಮೂರಾಯಿತು. ಮೊದಲಿನ ಝ ಎಂಬುದನ್ನು ಝೆ ಎಂದೆ. ಎರಡೂ ಸೇರಿ ವರ್ತಮಾನಕಾಲ ಭೂತಕಾಲವಾಯಿತು.

ಮುಳುಗುವ ಅಕ್ಷರಗಳು

ಈಗ ಶೆಟ್ಟಿಹಳ್ಳಿಯ ಚರ್ಚಿಗೆ ಬರೋಣ. ಮಳೆಗಾಲದಲ್ಲಿ ಹಿನ್ನೀರು ತುಂಬಿದಾಗ ಅದು ಬಹುಪಾಲು ಮುಳುಗಿರುತ್ತದೆ. ಹಾಗೆಂದು ಗೋಡೆ ಇಲ್ಲವಾಗಿದೆಯೇ? ಇಲ್ಲ. ನೀರಿಳಿದರೆ ಅಲ್ಲೇ ಇದೆ. ಫ್ರೆಂಚಿನ ಮೌನ ಅಕ್ಷರಗಳೂ ಹೀಗೆಯೇ. ಮುಂದೆ ಸ್ವರ ಬಂದರೆ ಮುಳುಗಿದ ವ್ಯಂಜನ ಮೇಲೆ ಏಳುತ್ತದೆ.

"ಪ್ರೀತಿಸು" ಎಂಬರ್ಥದ ಕ್ರಿಯಾಪದ ಎಮೆ. "ಅವನು ಪ್ರೀತಿಸುತ್ತಾನೆ" ಎಂದರೆ ಇಲ್ + ಎಮ್, ಆದರೆ ಹೇಳುವುದು ಇ-ಲೆಮ್. ಲ ಮುಂದಿನ ತುಂಡಿಗೆ ಜಾರಿತು. "ಅವರು ಪ್ರೀತಿಸುತ್ತಾರೆ" ಎಂದರೆ ಇಲ್-ಜ಼ೆಮ್. "ಅವರು" ಎಂಬ ಸರ್ವನಾಮದ ಕೊನೆಯಲ್ಲಿ ಮುಳುಗಿದ್ದ ಎಸ್ ಅಕ್ಷರ ಜ಼ ಆಗಿ ಎದ್ದಿತು. ಒಬ್ಬನೇ, ಹಲವರೇ ಎಂಬುದು ಈ ಒಂದು ದನಿಯ ಮೇಲೆ ನಿಂತಿದೆ. ಕೊನೆಯ ಇ-ಎನ್-ಟಿ ಇಲ್ಲಿಯೂ ಮೌನ. "ಅವರು ಪ್ರೀತಿಸುತ್ತಾರೆಯೇ?" ಎಂದು ತಿರುಗಿಸಿ ಕೇಳಿದರೆ ಎಮ್-ತಿಲ್. ಈಗ ಕೊನೆಯ ಟಿ ಕೂಡ ಎದ್ದಿತು!

ನಮ್ಮ ವಿದ್ಯಾರ್ಥಿಗಳಿಗೆ ಇದು ಹೊಸದೇ? ಖಂಡಿತ ಅಲ್ಲ. ನೂರ್, ಅಲ್, ದೀನ್ ಎಂಬ ಮೂರು ಪದ ಸೇರಿದ ಹೆಸರನ್ನು ಹೇಗೆ ಕರೆಯುತ್ತೇವೆ? ನೂ-ರುದ್-ದೀನ್. ನೂರ್‌ನ ರ ಜಾರಿ ಮುಂದಿನ ತುಂಡಿಗೆ ಹೋಯಿತು, ಅಲ್‌ನ ಲ ಮುಳುಗಿ ದ ಆಯಿತು. ಬರೆಯುವಾಗ ಅರಬ್ಬಿಯಲ್ಲಿ ಆ ಲಾಮ್ ಅಕ್ಷರ ಹಾಗೆಯೇ ಇರುತ್ತದೆ. ಅಬ್-ದುರ್-ರಹ್-ಮಾನ್ ಕೂಡ ಹೀಗೆಯೇ. ನಾನು ಭಾಷಣದ ಮೊದಲು ಹೇಳಿದ ಅಸ್ಸಲಾಮು ಎಂಬುದರಲ್ಲೂ ಒಂದು ಲ ಮುಳುಗಿದೆ. ತಜ್‌ವೀದ್ ಕಲಿತ ಮಕ್ಕಳಿಗೆ ಎಲ್ಲಿ ಕೂಡಿಸಬೇಕು, ಎಲ್ಲಿ ನಿಲ್ಲಬೇಕು, ನಿಂತಾಗ ಕೊನೆಯ ಸ್ವರ ಹೇಗೆ ಬೀಳುತ್ತದೆ ಎಂಬುದು ಏಳನೇ ವಯಸ್ಸಿಗೇ ಗೊತ್ತು. ಬರಹದಲ್ಲಿದ್ದರೂ ಬಾಯಲ್ಲಿಲ್ಲದ ಅಕ್ಷರದೊಂದಿಗೆ ನೀವು ಬಾಲ್ಯದಿಂದ ಬದುಕಿದ್ದೀರಿ.

ಕನ್ನಡ ವ್ಯಾಕರಣವೂ ಇಲ್ಲಿ ಕೈ ಹಿಡಿಯುತ್ತದೆ. ಮನೆ + ಅನ್ನು ಎಂದಾಗ ಎರಡು ಸ್ವರ ಡಿಕ್ಕಿ ಹೊಡೆಯಬಾರದೆಂದು ನಡುವೆ ಯಕಾರ ತಂದು "ಮನೆಯನ್ನು" ಎನ್ನುತ್ತೇವೆ. ಇದು ಆಗಮ ಸಂಧಿ. ಫ್ರೆಂಚಿನಲ್ಲಿ "ಅವನಿಗೆ ಇದೆಯೇ?" ಎಂದು ಕೇಳಲು ಆ + ಇಲ್ ಎನ್ನಬೇಕು. ಅವರು ನಡುವೆ ತಕಾರ ತಂದು ಆ-ತಿಲ್ ಎನ್ನುತ್ತಾರೆ. ಅದೇ ಆಗಮ, ಅಕ್ಷರ ಮಾತ್ರ ಬೇರೆ. ಸಂಧಿಯ ಪಾಠ ಪರೀಕ್ಷೆಯ ಎರಡು ಅಂಕಕ್ಕೆ ಮಾತ್ರ ಎಂದುಕೊಂಡಿದ್ದೆವು!

ಮಾಡುತ್ತೇನೆ, ಮಾಡ್ತೀನಿ

ಭವಿಷ್ಯತ್ ಕಾಲದಲ್ಲಿ ಇನ್ನೊಂದು ತೊಡಕು ಬರುತ್ತದೆ. "ಕೊಡುವೆನು" ಎಂಬ ರೂಪ ಬರಹದಲ್ಲಿ ದೋ-ನ-ರೆ, ಮೂರು ತುಂಡು. ಆಡುಮಾತಿನಲ್ಲಿ ನಡುವಿನ ದುರ್ಬಲ ಸ್ವರ ಬಿದ್ದು ದೋನ್-ರೆ, ಎರಡೇ. ಆದರೆ "ಮಾತಾಡುವೆನು" ಎಂಬುದು ಪಾರ್-ಲ-ರೆ, ಮೂರಕ್ಕೆ ಮೂರೂ ಉಳಿಯುತ್ತವೆ. ಯಾಕೆ? ಅಲ್ಲಿ ಸ್ವರ ಬಿದ್ದರೆ ರ್, ಲ್, ರ್ ಎಂಬ ಮೂರು ವ್ಯಂಜನ ಒಂದರ ಮೇಲೊಂದು ಬಿದ್ದು ನಾಲಿಗೆ ಸಿಕ್ಕಿಕೊಳ್ಳುತ್ತದೆ. ಮೊರಿಸ್ ಗ್ರಾಮೋಂ ಎಂಬ ಫ್ರೆಂಚ್ ವಿದ್ವಾಂಸ ಇದನ್ನು "ಮೂರು ವ್ಯಂಜನಗಳ ನಿಯಮ" ಎಂದು ಕರೆದ.

ಇದನ್ನು ಕೇಳಿ ಹೆದರುವವರು ಹೊಳೆನರಸೀಪುರದ ಸಂತೆಗೆ ಹೋಗಿ ಕಿವಿಗೊಡಲಿ. ಪುಸ್ತಕದಲ್ಲಿ "ಮಾಡುತ್ತೇನೆ" ಎಂದಿದೆ: ಮಾ-ಡುತ್-ತೇ-ನೆ, ನಾಲ್ಕು ತುಂಡು. ಸಂತೆಯಲ್ಲಿ "ಮಾಡ್ತೀನಿ": ಮಾಡ್-ತೀ-ನಿ, ಮೂರು. "ಹೋಗುತ್ತಾರೆ" ಎಂಬುದು "ಹೋಗ್ತಾರೆ". ಬೀಳುವುದು ಯಾವ ಸ್ವರ? ನಡುವಿನ ಸಣ್ಣ ಉಕಾರ. ಯಾರೂ ಕಲಿಸದೆಯೇ ನಾವು ಸ್ವರ ಬೀಳಿಸುತ್ತೇವೆ. ಹೊರಗಿನವರು ಬಂದು ಪುಸ್ತಕದಂತೆ ಮಾತಾಡಿದರೆ ನಮಗೆ ನಗು ಬರುತ್ತದೆ. ಫ್ರೆಂಚರ ಮುಂದೆ ನಾವು ಆ ಹೊರಗಿನವರು, ಅಷ್ಟೇ. ಶಾಲೆಯ ಕನ್ನಡ ಒಂದು, ಸಂತೆಯ ಕನ್ನಡ ಇನ್ನೊಂದು ಎಂದು ಎರಡನ್ನೂ ಸಂಭಾಳಿಸುವ ನಿಮಗೆ ಫ್ರೆಂಚಿನ ಈ ಎರಡು ಮುಖ ಕಷ್ಟವಾಗಬಾರದು.

ನಾಚಿಕೆಪಟ್ಟ ದನಿಯೇ ಕೈ ಹಿಡಿಯಿತು

ಇನ್ನು ನನ್ನ ಮನಸ್ಸಿಗೆ ಹತ್ತಿರವಾದ ವಿಷಯಕ್ಕೆ ಬರುತ್ತೇನೆ. ಕೆಲಸ ತಪ್ಪಿದ ಮೇಲೆ ನಾನು ಮತ್ತೆ ತರಗತಿಗೆ ಸೇರಿದೆ. ಬಾಯಿ ತೆರೆಯಲು ಹೆದರಿಕೆ. ಒಂದು ದಿನ ನಮ್ಮ ಟೀಚರಮ್ಮ ಒಂದು ಸಾಲು ಓದಿಸಿ, "ಈ ರಕಾರ ನಿಮಗೆ ಎಲ್ಲಿ ಸಿಕ್ಕಿತು?" ಎಂದರು. ಬೈಯುತ್ತಿದ್ದಾರೆ ಎಂದುಕೊಂಡೆ. ಅವರು ಇಡೀ ತರಗತಿಗೆ "ಇವರಂತೆ ಹೇಳಿ" ಎಂದರು.

ಫ್ರೆಂಚಿನ ರ ನಾಲಿಗೆಯ ತುದಿಯಿಂದ ಬರುವುದಿಲ್ಲ, ಗಂಟಲಿನ ಹತ್ತಿರದಿಂದ ಬರುತ್ತದೆ. ನಮ್ಮ ಮನೆಗಳಲ್ಲಿ "ಗರೀಬ್", "ಬಾಗ್" ಎನ್ನುವಾಗ ಬರುವ ಗೈನ್ ಅಕ್ಷರದ ದನಿಗೆ ಅದು ಬಹಳ ಹತ್ತಿರ. ತ, ಪ, ಕ ಇಂಥ ಅಕ್ಷರಗಳ ಪಕ್ಕದಲ್ಲಿ ಅದು ಇನ್ನೂ ಒರಟಾಗಿ, "ಖಬರ್" ಎನ್ನುವಾಗಿನ ಖೆ ಅಕ್ಷರದಂತೆ ಕೇಳಿಸುತ್ತದೆ. ದಖನಿ ಮಾತಿನಲ್ಲಿ ನಾವು "ಕಲಮ್" ಅನ್ನು ಖಲಮ್ ಎನ್ನುತ್ತೇವೆ. ಉತ್ತರದ ಉರ್ದು ಬಲ್ಲವರು ಇದಕ್ಕೆ ನಗುತ್ತಾರೆ. ಬೆಂಗಳೂರಿನಲ್ಲಿ ನಾನೂ ಆ ನಗುವಿಗೆ ನಾಚಿ ಮನೆಮಾತನ್ನು ಬಚ್ಚಿಟ್ಟಿದ್ದೆ. ನನ್ನ ಅಜ್ಜಿಯ ಬಾಯಿಂದ ಬಂದ ಆ ಗಂಟಲ ದನಿಗೇ ತರಗತಿಯಲ್ಲಿ ಶಹಬ್ಬಾಸ್ ಸಿಕ್ಕಿತು. ಊರಿಗೆ ಬಂದು ಅಜ್ಜಿಗೆ ಹೇಳಿದೆ. ಅವರು, "ಅರೆ ಬಾಬಾ, ಫ್ರಾನ್ಸಿನವರೂ ನಮ್ಮ ಹಾಗೇ ಮಾತಾಡ್ತಾರಾ?" ಎಂದು ನಕ್ಕರು.

ಮೂಗಿನ ಸ್ವರಗಳೂ ಹೀಗೆಯೇ. ಉರ್ದುವಿನಲ್ಲಿ ಜಹಾಂ ಎಂದರೆ "ಎಲ್ಲಿ", ಜಹಾನ್ ಎಂದರೆ "ಜಗತ್ತು". ನೂನ್ ಗುನ್ನಾಕ್ಕೂ ಪೂರ್ಣ ನೂನ್‌ಗೂ ಇರುವ ಈ ಅಂತರ ಗೊತ್ತಿದ್ದರೆ ಫ್ರೆಂಚಿನ "ಬಾ" ಎಂಬ ಕ್ರಿಯಾಪದ ಅರ್ಧ ಬಂದಂತೆ. "ಅವನು ಬರುತ್ತಾನೆ" ಎಂದರೆ ಇಲ್ ವ್ಯಾಂ, ಮೂಗಿನಲ್ಲಿ ನಿಲ್ಲುತ್ತದೆ. "ಅವರು ಬರುತ್ತಾರೆ" ಎಂದರೆ ಇಲ್ ವ್ಯೆನ್, ನಕಾರ ಪೂರ್ತಿ ಕೇಳಿಸುತ್ತದೆ.

ಜ಼ ದನಿಯೂ ನಮ್ಮಲ್ಲಿದೆ. ಇಲ್-ಸೋಂ ಎಂದರೆ "ಅವರು ಇದ್ದಾರೆ", ಇಲ್-ಜ಼ೋಂ ಎಂದರೆ "ಅವರ ಬಳಿ ಇದೆ". ವೂ-ಸಾ-ವೆ ಎಂದರೆ "ನಿಮಗೆ ಗೊತ್ತು", ವೂ-ಜ಼ಾ-ವೆ ಎಂದರೆ "ನಿಮ್ಮ ಬಳಿ ಇದೆ". ಜ಼ಬಾನ್, ಜ಼ಮೀನ್ ಎಂದು ದಿನವೂ ಹೇಳುವ ಬಾಯಿಗೆ ಇದೇನು ಕಷ್ಟ? ಮನೆಯಲ್ಲಿ ಕನ್ನಡ ಮಾತ್ರ ಆಡುವ ಗೆಳೆಯರು ಧೈರ್ಯಗೆಡಬೇಕಿಲ್ಲ. ಅವರಿಗೆ ಇನ್ನೊಂದು ಅನುಕೂಲವಿದೆ. ಇಂಗ್ಲಿಷಿನಲ್ಲಿ ಒಂದು ತುಂಡನ್ನು ಒತ್ತಿ ಉಳಿದವನ್ನು ನುಂಗುತ್ತಾರೆ. ಫ್ರೆಂಚಿನಲ್ಲಿ ತುಂಡುಗಳು ಹೆಚ್ಚು ಕಡಿಮೆ ಸಮನಾಗಿ ನಡೆದು, ಮಾತಿನ ಕೊನೆಯ ತುಂಡು ಮಾತ್ರ ಸ್ವಲ್ಪ ಉದ್ದವಾಗುತ್ತದೆ. ಕನ್ನಡದ ಸಮ ನಡಿಗೆ ಇದಕ್ಕೆ ಹತ್ತಿರ. ಆದ್ದರಿಂದ ಫ್ರೆಂಚಿಗೆ ಇಂಗ್ಲಿಷಿನ ಮೂಲಕ ಹೋಗಬೇಡಿ, ಮನೆಯ ಬಾಗಿಲಿನಿಂದಲೇ ಹೋಗಿ.

ನಮ್ಮ ಮೂರು ಸಾಮಾನ್ಯ ತಪ್ಪುಗಳು

ಹೊಗಳಿದ್ದು ಸಾಕು, ತಪ್ಪುಗಳನ್ನೂ ಹೇಳಬೇಕು.

ಒಂದು, ಇಲ್ಲದ ಸ್ವರವನ್ನು ಸೇರಿಸುವುದು. ಕನ್ನಡದವರು ಕೊನೆಗೆ ಉಕಾರ ಹಾಕುತ್ತಾರೆ: ಬಸ್ಸು, ಕಾರು, ಹಾಗೆಯೇ "ಪಾರ್ಲು". ಉರ್ದು ಮನೆಯವರು ಮುಂದೆ ಇಕಾರ ಹಾಕುತ್ತಾರೆ: ಇಸ್ಕೂಲ್, ಇಸ್ಟೇಷನ್. ಎರಡರಲ್ಲೂ ಒಂದು ತುಂಡು ಹೆಚ್ಚಾಗುತ್ತದೆ. ಮನೆಯಲ್ಲಿ ಹಾಗೆ ಆಡುವುದು ತಪ್ಪಲ್ಲ. ಪರೀಕ್ಷಕರ ಮುಂದೆ ಎಣಿಕೆ ತಪ್ಪಬಾರದು.

ಎರಡು, ಬರೆದದ್ದನ್ನೆಲ್ಲ ಓದುವುದು. ಇದು ಇಂಗ್ಲಿಷಿನಲ್ಲೂ ನಮ್ಮನ್ನು ಕಾಡುತ್ತದೆ. ಭೂತಕಾಲದ ಇ-ಡಿ ಬಂದ ಕಡೆಯಲ್ಲೆಲ್ಲ "ಎಡ್" ಎನ್ನುತ್ತೇವೆ: ವಾಕೆಡ್, ಲುಕೆಡ್. ಟ ಅಥವಾ ಡ ದನಿಯ ಮುಂದೆ ಮಾತ್ರ ಅದು ಬೇರೆ ತುಂಡಾಗುತ್ತದೆ: ವಾಂಟೆಡ್, ನೀಡೆಡ್. ಉಳಿದ ಕಡೆ ವಾಕ್ಟ್, ಲುಕ್ಟ್, ಒಂದೇ ತುಂಡು. ಫ್ರೆಂಚ್ ಕಲಿಯದವರೂ ಇದನ್ನಾದರೂ ಇವತ್ತು ಮನೆಗೆ ಕೊಂಡೊಯ್ಯಿರಿ.

ಮೂರು, ಹೊಸ ಸ್ವರವನ್ನು ಹಳೆಯದರಲ್ಲಿ ತುರುಕುವುದು. "ನೀನು" ಎಂಬ ತ್ಯು, "ಓದಿದ" ಎಂಬ ಲ್ಯು, "ಕಂಡ" ಎಂಬ ವ್ಯು ಎಂದು ನಾನು ಬರೆದಿರುವುದು ಅಂದಾಜು ಮಾತ್ರ. ಆ ಸ್ವರ ಕನ್ನಡದಲ್ಲೂ ಇಲ್ಲ, ಉರ್ದುವಿನಲ್ಲೂ ಇಲ್ಲ. ಬಾಯಲ್ಲಿ "ಈ" ಎನ್ನುತ್ತಾ ತುಟಿಯನ್ನು ಮಾತ್ರ "ಊ" ಎನ್ನುವಂತೆ ದುಂಡಗೆ ಮಾಡಿ. ನಾಲಿಗೆ ಅಲುಗಬಾರದು. ಅದನ್ನು "ಊ" ಎಂದರೆ ಕಂಡದ್ದು ಎಂಬ ಪದ "ನೀವು" ಆಗಿಬಿಡುತ್ತದೆ. ಕನ್ನಡಿಯ ಮುಂದೆ ಒಂದು ವಾರ ಸಾಧನೆ ಮಾಡಿದರೆ ಬರುತ್ತದೆ.

ಅಭ್ಯಾಸದ ಕ್ರಮ

ಖರ್ಚಿಲ್ಲದ ಒಂದು ಕ್ರಮ ಹೇಳುತ್ತೇನೆ. ಮೊದಲು ಕ್ರಿಯಾಪದವನ್ನು ಕೇಳಿ, ಆಮೇಲೆ ನೋಡಿ. ಕೇಳಿಸಿದ ಸ್ವರಗಳನ್ನು ಬೆರಳಲ್ಲಿ ಎಣಿಸಿ. ಪುಸ್ತಕ ತೆರೆದು ಮೌನ ಅಕ್ಷರಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಸರ್ವನಾಮದೊಂದಿಗೆ ಆರು ರೂಪವನ್ನೂ ಒಂದೊಂದು ತುಂಡಿಗೆ ಒಂದೊಂದು ಚಪ್ಪಾಳೆ ಹಾಕುತ್ತಾ ಹೇಳಿ. ಕೊನೆಗೆ ನಿಮ್ಮ ದನಿಯನ್ನು ಮೊಬೈಲಿನಲ್ಲಿ ಮುದ್ರಿಸಿ ಕೇಳಿ. ದಿನಕ್ಕೆ ಒಂದೇ ಕ್ರಿಯಾಪದ ಸಾಕು. ಡೆಲ್ಫ್ ಎಂಬ ಫ್ರೆಂಚ್ ಪರೀಕ್ಷೆಯ 100 ಅಂಕಗಳಲ್ಲಿ ಕೇಳುವುದಕ್ಕೆ 25, ಮಾತಾಡುವುದಕ್ಕೆ 25. ಅಂದರೆ ಅರ್ಧದಷ್ಟು ಅಂಕ ಕಿವಿ ಬಾಯಿಗಳದ್ದು. ನಾವು ಮಾತ್ರ ಪೂರ್ತಿ ಸಮಯವನ್ನು ಕಣ್ಣಿಗೆ ಕೊಟ್ಟು ಕೂರುತ್ತೇವೆ.

ಹಿರಿಯರಲ್ಲಿ ಒಂದು ವಿನಂತಿ

ಕೊನೆಯದಾಗಿ ಪೋಷಕರಲ್ಲಿ, ಶಿಕ್ಷಕರಲ್ಲಿ ಒಂದು ಮಾತು. ಉಚ್ಚಾರಣೆ ತಪ್ಪಿದ ಮಗುವನ್ನು ನೋಡಿ ದಯವಿಟ್ಟು ನಗಬೇಡಿ. ನಕ್ಕ ದಿನದಿಂದ ಆ ಮಗು ಬಾಯಿ ತೆರೆಯುವುದಿಲ್ಲ. ಬಾಯಿ ತೆರೆಯದವನ ತಪ್ಪನ್ನು ತಿದ್ದುವುದು ಹೇಗೆ? ನಮ್ಮ ಹೆಣ್ಣುಮಕ್ಕಳು ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದೂ ಸಂದರ್ಶನದಲ್ಲಿ ಮೌನವಾಗಿ ಕೂರುವುದನ್ನು ನಾನು ಕಂಡಿದ್ದೇನೆ. ಅವರಿಗೆ ವಿಷಯ ಗೊತ್ತು. ಗಟ್ಟಿಯಾಗಿ ಓದಿ ಅಭ್ಯಾಸವಿಲ್ಲ. ವಾರಕ್ಕೆ ಅರ್ಧ ಗಂಟೆ, ನಾಲ್ಕು ತಾಲ್ಲೂಕುಗಳಲ್ಲೂ, ಮಕ್ಕಳು ಕನ್ನಡ, ಉರ್ದು, ಇಂಗ್ಲಿಷ್ ಯಾವುದನ್ನಾದರೂ ಗಟ್ಟಿಯಾಗಿ ಓದುವ ಒಂದು ಕೂಟವನ್ನು ಸಂಘವು ಏರ್ಪಡಿಸಲಿ ಎಂದು ಅಧ್ಯಕ್ಷರಲ್ಲಿ ಕೋರುತ್ತೇನೆ. ಒಂದು ಕೋಣೆ, ಒಂದು ಚಾಪೆ ಇದ್ದರೆ ಸಾಕು. ಚನ್ನರಾಯಪಟ್ಟಣದಲ್ಲಿ ನಡೆದರೆ ತಿಂಗಳಿಗೊಮ್ಮೆ ನಾನೇ ಬಂದು ಕೂರುತ್ತೇನೆ.

ಹಲವು ಮಾತುಗಳ ನಡುವೆ ಬೆಳೆಯುವುದು ಕೊರತೆಯಲ್ಲ ಎಂಬುದಕ್ಕೆ ನಮ್ಮ ಹಾಸನದಲ್ಲೇ ಸಾಕ್ಷಿ ಇದೆ. ಉರ್ದು ಮನೆಮಾತಿನ ಬಾನು ಮುಷ್ತಾಕ್ ಅವರು ಕನ್ನಡದಲ್ಲಿ ಕಥೆ ಬರೆದರು. ದೀಪಾ ಭಾಸ್ತಿಯವರು ಅವುಗಳನ್ನು ಇಂಗ್ಲಿಷಿಗೆ ತಂದ "ಹಾರ್ಟ್ ಲ್ಯಾಂಪ್" ಪುಸ್ತಕಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ಮನೆಯ ಮಾತು ಬೇರೆ, ಬರೆಯುವ ಮಾತು ಬೇರೆ ಆದದ್ದು ಅವರಿಗೆ ಅಡ್ಡಿಯಾಗಲಿಲ್ಲ.

ನನಗೆ ಕಡೆಗೂ ಕೆಲಸ ಸಿಕ್ಕಿತೇ ಎಂದು ಕೆಲವರ ಮುಖದಲ್ಲಿ ಪ್ರಶ್ನೆ ಕಾಣುತ್ತಿದೆ. ಸಿಕ್ಕಿತು, ಬೇರೊಂದು ಕಡೆ, ಎಂಟು ತಿಂಗಳ ನಂತರ. ಅಲ್ಲಿಯೂ ಮೊದಲ ಪ್ರಶ್ನೆ ಅದೇ: "ನೀವು ಕೆಲಸ ಮಾಡುತ್ತಿದ್ದೀರಾ?" ಈ ಸಲ ಎರಡೇ ತುಂಡು ಹೇಳಿ ಬಾಯಿ ಮುಚ್ಚಿದೆ.